ಹರಟೆಮಲ್ಲ ಹಕ್ಕಿಯ ದನಿ ಒಡೆದ ಬಗೆ

ಲೋಕ ಇನ್ನೂ ಹೊಸದು. ಯಾವ ಕಡೆ ಹರಿಯಬೇಕೆಂದು ಹಳ್ಳಕ್ಕೇ ಸರಿಯಾಗಿ ಗೊತ್ತಿರಲಿಲ್ಲ. ಗಾಳಿ ಸಿಕ್ಕಸಿಕ್ಕವರನ್ನೆಲ್ಲ ಮಾತಾಡಿಸುತ್ತಿತ್ತು. ಆಗ ಹರಟೆಮಲ್ಲ ಹಕ್ಕಿಗಳು ಒಂದೊಂದು ಮರದಲ್ಲಿ ಒಂದೊಂದು ಸಂಸಾರ ಹೂಡಿಕೊಂಡು ಇಂಪಾಗಿ ಹಾಡುತ್ತಿದ್ದವು. ಹೌದು ಮಗಾ, ಇಂಪಾಗಿಯೇ. ನಗಬೇಡ.

ಅವುಗಳಲ್ಲಿ ಒಂದು ಪದ್ಧತಿಯಿತ್ತು. ಪಕ್ಕದ ಗೂಡಿನಲ್ಲಿ ಜಗಳದ ಸದ್ದು ಕೇಳಿದರೆ ತಲೆಯನ್ನು ರೆಕ್ಕೆಯೊಳಗೆ ತೂರಿಸಿಕೊಂಡು ಕೂರಬೇಕು. ಇದಕ್ಕೆ ಮರ್ಯಾದೆ ಎಂದು ಹೆಸರು ಬೇರೆ. ಎಂಥ ಮರ್ಯಾದೆಯೋ, ಅದಕ್ಕಿಷ್ಟು ಬೆಂಕಿ ಹಾಕ.

ಹೊಂಗೆ ಮರದಲ್ಲಿ ತಿಪ್ಪವ್ವ ಎಂಬ ವಯಸ್ಸಾದ ಹರಟೆಮಲ್ಲ ಇದ್ದಳು. ಎದುರಿನ ಬೇವಿನ ಮರಕ್ಕೆ ಹೂವಿ ಎಂಬ ಎಳೆ ಹಕ್ಕಿ ಕೆಂಚನೆಂಬ ಗಂಡನ್ನು ಕಟ್ಟಿಕೊಂಡು ಬಂದಳು. ಕೆಂಚ ಹೊರಗಡೆ ಬಲು ಒಳ್ಳೆಯವನು. ಹಿರಿಯರಿಗೆ ತಲೆ ಬಾಗುತ್ತಿದ್ದ, ಸಿಕ್ಕವರಿಗೆಲ್ಲ ಹುಳ ಹಂಚುತ್ತಿದ್ದ. ಗೂಡಿಗೆ ಬಂದನೋ, ಕಡ್ಡಿ ಜೋಡಿಸಿದ್ದು ಸರಿಯಿಲ್ಲ, ಮಿಡತೆ ಸಣ್ಣದು ಎಂದು ನೆಪ ತೆಗೆದು ಹೂವಿಯನ್ನು ಕುಕ್ಕುತ್ತಿದ್ದ.

ಸದ್ದು ಕೇಳಿದ ತಿಪ್ಪವ್ವ ಪದ್ಧತಿಯಂತೆ ತಲೆ ತೂರಿಸಿಕೊಂಡಳು. ರೆಕ್ಕೆಯೊಳಗೂ ಸದ್ದು ಕೇಳಿಸಿತು. ಮರುದಿನ ನೋಡಿದರೆ ಹೂವಿಯ ಕುತ್ತಿಗೆಯ ಗರಿ ಉದುರಿ ರಕ್ತ ಹೆಪ್ಪುಗಟ್ಟಿತ್ತು.

“ಏನೇ ಇದು?” ಎಂದಳು ತಿಪ್ಪವ್ವ.

“ಮುಳ್ಳು ತಾಗಿತು ದೊಡ್ಡವ್ವ.”

“ಬೇವಿನ ಮರಕ್ಕೆ ಮುಳ್ಳು ಎಲ್ಲಿಂದ ಬಂತೇ?”

ಹೂವಿ ಹತ್ತಿರ ಸರಿದು ಪಿಸುಗುಟ್ಟಿದಳು. “ಇವತ್ತು ಕಣ್ಣಿಗೇ ಕುಕ್ಕುತ್ತೇನೆ ಅಂದಿದ್ದಾರೆ. ಯಾರಿಗೂ ಹೇಳಬೇಡಿ.”

ಕಣ್ಣಿಲ್ಲದ ಹಕ್ಕಿ ಬದುಕುವುದುಂಟೆ? ತಿಪ್ಪವ್ವ ಗಾಳಿಯನ್ನು ತಡೆದು ಕೇಳಿದಳು, “ಎಲ್ಲರ ಗೂಡಿಗೂ ನುಗ್ಗುತ್ತೀಯಲ್ಲ, ನಿನಗೆ ಇದು ಗೊತ್ತಿರಲಿಲ್ಲವಾ?”

“ಗೊತ್ತಿತ್ತು,” ಎಂದಿತು ಗಾಳಿ. “ಅವರ ಮನೆ ವಿಷಯ. ನಾನು ಹಾದುಹೋಗುವವನು.”

ಹಳ್ಳವನ್ನು ಕೇಳಿದಳು. “ಕೆಂಚ ದಿನಾ ಬಂದು ನನ್ನಲ್ಲಿ ಕೊಕ್ಕು ತೊಳೆಯುತ್ತಾನೆ,” ಎಂದಿತು ಹಳ್ಳ. “ನೀರು ಕೆಂಪಗಾಗುತ್ತದೆ. ಅವರ ಮನೆ ವಿಷಯ ಅಂತ ನಾನು ಮುಂದಕ್ಕೆ ಹರಿಯುತ್ತೇನೆ.”

ಆಲದ ಮರದ ಹಿರಿಯ ಮಲ್ಲಜ್ಜನ ಹತ್ತಿರ ಹೋದಳು. ಅವನಾದರೂ ನಾಲ್ಕು ಮಾತು ಹೇಳಿಯಾನೆಂದು ಆಸೆ. “ಅವರ ಮನೆ ವಿಷಯ ಕಣವ್ವ,” ಎಂದ ಮಲ್ಲಜ್ಜ. “ಕೆಂಚ ಒಳ್ಳೇ ಹುಡುಗ. ನಿನ್ನೆ ನನಗೆ ಹುಳ ತಂದುಕೊಟ್ಟ.”

“ಒಂದು ಹುಳಕ್ಕೆ ಕಿವಿ ಮಾರಿಕೊಂಡೆಯಾ ಅಜ್ಜ? ಅವಳ ಕಣ್ಣು ಹೋದ ಮೇಲೆ ಆ ಹುಳ ನಿನ್ನ ಗಂಟಲಲ್ಲಿ ಇಳಿಯುತ್ತದಾ?”

ಅಷ್ಟರಲ್ಲಿ ಬೇವಿನ ಮರದಿಂದ ಸದ್ದು ಬಂತು. ಸುತ್ತಲ ಮರಗಳಲ್ಲಿ ತಲೆಗಳೆಲ್ಲ ರೆಕ್ಕೆಯೊಳಗೆ ಹೋದವು. ಮಲ್ಲಜ್ಜನದೂ ಹೋಯಿತು. ಥೂ, ನಾಚಿಕೆಗೆಟ್ಟವರು.

ತಿಪ್ಪವ್ವ ಒಬ್ಬಳೇ ಹಾರಿಹೋಗಿ ಹೂವಿಯ ಮುಂದೆ ಅಡ್ಡ ಕೂತಳು. “ನೀವು ಹೋಗಿ ದೊಡ್ಡವ್ವ,” ಎಂದ ಕೆಂಚ, ಬಹಳ ವಿನಯದಿಂದ. “ಇದು ನಮ್ಮ ಮನೆ ವಿಷಯ.”

ಅವಳು ಹೋಗಲಿಲ್ಲ. ಕೂಗತೊಡಗಿದಳು. “ಆಲದ ಮರದವರೇ, ತಲೆ ಎತ್ತಿ. ಜಾಲಿ ಮರದವರೇ, ತಲೆ ಎತ್ತಿ. ನಿಮಗೆ ಕೇಳಿಸುತ್ತಿದೆ ಅಂತ ನನಗೆ ಗೊತ್ತು.” ಕೂಗಿ ಕೂಗಿ ಅವಳ ಇಂಪಾದ ದನಿ ಒಡೆದು ಕೀರಲಾಯಿತು. ಸಿಟ್ಟು ನೆತ್ತಿಗೇರಿ ಕಪ್ಪು ಕಣ್ಣು ಬೆಳ್ಳಗಾಯಿತು. ಆದರೂ ಬಿಡಲಿಲ್ಲ.

ಮೊದಲು ಬಂದವಳು ಜಾಲಿ ಮರದ ಹೆಣ್ಣು. ಅವಳ ಕುತ್ತಿಗೆಯಲ್ಲೂ ಗರಿ ಇರಲಿಲ್ಲ. ಆಮೇಲೆ ಅವಳ ತಂಗಿ, ಆಮೇಲೆ ಇನ್ನೂ ಕೆಲವರು ಬಂದರು. ಕೊನೆಗೆ ಮಲ್ಲಜ್ಜನೂ ತಲೆ ತಗ್ಗಿಸಿಕೊಂಡು ಬಂದ.

“ಇವನನ್ನು ನಾಲ್ಕು ಕುಕ್ಕೋಣ,” ಎಂದಳು ತಂಗಿ.

“ಬೇಡ,” ಎಂದಳು ತಿಪ್ಪವ್ವ. “ಕುಕ್ಕುವುದು ಇವನಿಗೆ ಬರುತ್ತದೆ. ನಾವು ಅದನ್ನು ಕಲಿಯುವುದು ಬೇಡ. ಒತ್ತಿಕೊಂಡು ಕೂತು ಕೂಗಿ.”

ಎಲ್ಲರೂ ಹೂವಿಯನ್ನು ಮಧ್ಯಕ್ಕೆ ಹಾಕಿಕೊಂಡು, ಮೈಗೆ ಮೈ ಒತ್ತಿ ಕೂತು, ಕೆಂಚನನ್ನೇ ನೋಡುತ್ತಾ ದನಿ ಒಡೆಯುವಂತೆ ಕೂಗಿದರು. ಸಿಟ್ಟಿಗೆ ಅವರ ಕಣ್ಣುಗಳೂ ಬೆಳ್ಳಗಾದವು. ಇಷ್ಟು ಕಣ್ಣುಗಳ ಮುಂದೆ ಕೆಂಚನ ಕೊಕ್ಕು ಏಳಲಿಲ್ಲ. ತಪ್ಪಾಯಿತು ಅಂದ. ಒಂದು ಮಾತಿಗೆ ಯಾರೂ ಕರಗಲಿಲ್ಲ. “ಇನ್ನು ಮೇಲೆ ಎಲ್ಲರ ಕಣ್ಣೆದುರು ಬಾಳು,” ಎಂದು ಅವನನ್ನು ಗುಂಪಿನ ಅಂಚಿಗೆ ಕೂರಿಸಿದರು. ಹೂವಿ ತಿಪ್ಪವ್ವನ ಪಕ್ಕದಲ್ಲಿ ಗೂಡು ಕಟ್ಟಿಕೊಂಡಳು. ಅಂದಿನಿಂದ ಒಬ್ಬರನ್ನೂ ಒಂಟಿಯಾಗಿ ಬಿಡುವುದಿಲ್ಲ ಎಂದು ಹರಟೆಮಲ್ಲಗಳೆಲ್ಲ ಮಾತಾಡಿಕೊಂಡವು.

ಅದಕ್ಕೇ ಮಗಾ, ಇವತ್ತಿಗೂ ಹಿತ್ತಲಿಗೆ ಹರಟೆಮಲ್ಲಗಳು ಗುಂಪಾಗಿಯೇ ಬರುತ್ತವೆ, ಬಿಳಿ ಕಣ್ಣು ಬಿಟ್ಟುಕೊಂಡು ಸಿಟ್ಟಿನಲ್ಲೇ ನೋಡುತ್ತವೆ, ಅವುಗಳಲ್ಲಿ ಒಂದು ಚೀರಿದರೆ ಸಾಕು, ಎಲ್ಲವೂ ಓಡಿಬಂದು ಒಡೆದ ದನಿಯಲ್ಲಿ ಕೂಗುತ್ತವೆ. ಏನು ಗಲಾಟೆಯಪ್ಪಾ ಎಂದು ಕಿಟಕಿ ಹಾಕಿಕೊಳ್ಳುವವರು ನಾವು ಮನುಷ್ಯರು.