ಬಚ್ಚಾಚಾರಿ ತಾನೇ ಕಿತ್ತ ನೆಲ

ಬಹಳ ಬಹಳ ಹಿಂದೆ, ಯಾವ ಅರಸನ ಕಾಲವೋ ಹೇಳುವವರಿಲ್ಲ, ಹೊಳೆ ಕಡಲು ಸೇರುವ ಕಡೆ ಬೇಲೆಕೋಡಿ ಅಂತ ಒಂದು ಊರಿತ್ತು. ಆ ಊರಿನಲ್ಲಿ ಬಚ್ಚಾಚಾರಿ ಅಂತ ಒಬ್ಬ ಬಡಗಿಯಿದ್ದ. ಅವನು ಹಳೆಯ ಹಲಗೆಯ ಪಕ್ಕ ಹೊಸತನ್ನು ಕೂರಿಸಿದರೆ ಯಾವುದು ಯಾವುದೆಂದು ಗೆದ್ದಲಿಗೂ ತಿಳಿಯುತ್ತಿರಲಿಲ್ಲ ಅಂತಾರೆ. ಮರವನ್ನು ನಾಲಿಗೆಗೆ ತಾಗಿಸಿ ಅದು ಯಾವ ಗುಡ್ಡದ ಸಾಗುವಾನಿ ಅಂತ ಹೇಳುತ್ತಿದ್ದ ಅಂತಾರೆ. ಮರ ಹುಟ್ಟಿದ ವರ್ಷವನ್ನೂ ಹೇಳುತ್ತಿದ್ದ ಅಂತ ಕೆಲವರು ಸೇರಿಸುತ್ತಾರೆ, ಸೇರಿಸಲಿ ಬಿಡಿ. ಅವನ ಸಿಟ್ಟನ್ನು ಮಾತ್ರ ಯಾರೂ ಸೇರಿಸಿದ್ದಲ್ಲ, ಅದು ಅವನದೇ.

ಆ ಊರಿನಲ್ಲಿ ಪದ್ಮಯ್ಯ ಸಾಹುಕಾರನದೊಂದು ಮಂಜಿ ಇತ್ತು. ಮಂಜಿ ಅಂದರೆ ಹಾಯಿ ಕಟ್ಟಿ ಸರಕು ಸಾಗಿಸುವ ದೊಡ್ಡ ದೋಣಿ. ಅದರ ಹಿಂಬದಿಯಲ್ಲಿ ನಾವಿಕರು ಮಲಗುವ ಸಣ್ಣ ಕೋಣೆ. ಮೂರು ತಲೆಮಾರಿನ ಕಾಲಡಿಯಲ್ಲಿ ಸವೆದು ಕಪ್ಪು ತಿರುಗಿದ್ದ ಆ ಕೋಣೆಯ ನೆಲ ಒಂದು ಮಳೆಗಾಲದಲ್ಲಿ ಅಲ್ಲಲ್ಲಿ ಕುಸಿಯಿತು. ಸಾಹುಕಾರ ಬಚ್ಚಾಚಾರಿಯನ್ನು ಕರೆಸಿದ. ನಾವಿಕರ ಮುಖಂಡನಾಗಿ ದೋಣಿ ನಡೆಸುವ ಹೊಸ ತಂಡೇಲ ಅದನ್ನು ನೋಡಲು ಬರುವವನಿದ್ದಾನೆ, ತೇಪೆ ಹಾಕಿದ ದೋಣಿ ಅಂತ ಮೂಗು ಮುರಿಯಬಾರದು, ಹೊಸ ಹಲಗೆ ಎಲ್ಲಿದೆ ಅಂತಲೇ ಗೊತ್ತಾಗಬಾರದು ಅಂದ. ಅಷ್ಟು ಸಾಕಾಯಿತು. ಬಚ್ಚಾಚಾರಿಗೆ ಇದಕ್ಕಿಂತ ಇಷ್ಟದ ಕೆಲಸ ಇನ್ನೊಂದಿರಲಿಲ್ಲ.

ಅವನು ಹಳೆಯ ಬಾಗಿಲೊಂದನ್ನು ಹುಡುಕಿ ತಂದು ಸೀಳಿದ. ಗಂಜಿಯಲ್ಲಿ ತುಕ್ಕು ಮೊಳೆ ನೆನೆಹಾಕಿ ಆ ನೀರು ಬಳಿದ. ಗೇರುಸಿಪ್ಪೆಯ ಎಣ್ಣೆ ಹಚ್ಚಿದ, ಬೂತಾಯಿ ಮೀನಿನ ಎಣ್ಣೆ ಹಚ್ಚಿದ, ಬಿಸಿಲಿಗಿಟ್ಟ, ಮತ್ತೆ ಹಚ್ಚಿದ. ಹಳೆಯ ಹಲಗೆಯಲ್ಲಿ ಹಿಮ್ಮಡಿ ಸವೆಸಿದ ತಗ್ಗು ಇತ್ತಲ್ಲ, ಹೊಸದರಲ್ಲೂ ಅದೇ ತಗ್ಗು ಬರಬೇಕೆಂದು ಒದ್ದೆ ಮರಳು ಹಾಕಿಕೊಂಡು ಎಂಟು ದಿನ ಅದರ ಮೇಲೆ ನಡೆದ ಅಂತಾರೆ. ಹದಿನೆಂಟು ದಿನ ಅನ್ನುವವರೂ ಇದ್ದಾರೆ.

ಈಗ ಊರಿನ ಕಟ್ಟಳೆಯೊಂದನ್ನು ಹೇಳಬೇಕು. ದೋಣಿಯ ಅಡಿಭಾಗ ಕಟ್ಟುವವರು ಬೇರೆ, ಮೇಲೆ ಕೋಣೆ, ನೆಲ, ಬಾಗಿಲು ಮಾಡುವವರು ಬೇರೆ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕಣ್ಣು ಹಾಕಿದರೆ ಅದು ಮರ್ಯಾದೆಗೆಟ್ಟ ನಡತೆ. ಮೊದಲ ಹಲಗೆ ಕೂರಿಸಿ ಮೊಳೆ ಹೊಡೆದಾಗ, ಕೆಳಗಿನ ತೊಲೆಗೆ ಅದು ಸದ್ದಿಲ್ಲದೆ ಇಳಿಯಿತು, ಹಣ್ಣಿಗೆ ಚೂರಿ ಇಳಿದ ಹಾಗೆ. ಆ ತೊಲೆಗಳೇ ದೋಣಿಯ ಎರಡು ಬದಿಗಳನ್ನು ಹಿಡಿದಿಡುವಂಥವು. ಬಚ್ಚಾಚಾರಿಯ ಕೈ ನಿಂತಿತು. ತೊಲೆ ಮೆತ್ತಗಿದೆ ಅಂತ ಸಾಹುಕಾರನಿಗೆ ಹೇಳಿದ.

"ನಿಂದ್ ಹಲ್ಗೆ ಕೆಲ್ಸ, ಹಲ್ಗೆ ಕಾಣ್. ಅಡಿ ಕಾಂಬುಕೆ ಬೇರೆ ಜನ ಇದ್ರ್" ಅಂದ ಸಾಹುಕಾರ.

ಕಟ್ಟಳೆ ಹಾಗೇ ಇತ್ತಲ್ಲ! ಬಚ್ಚಾಚಾರಿ ಬಾಯಿ ಮುಚ್ಚಿಕೊಂಡು ಉಳಿದ ಮೊಳೆಗಳನ್ನೂ ಹೊಡೆದ. ಅಂಥಾ ಬುದ್ಧಿವಂತ ಮಾಡಿದ ತಪ್ಪು ನೋಡಿ. ಅಡಿಯವರು ನೋಡಿಕೊಂಡಾರು ಅಂತ ನಂಬಿದ, ಹೋದ.

ಕೆಲವು ದಿನ ಕಳೆದು ಮಂಜಿ ಹೊರಡುವ ದಿನ ಬಂತು. ಹೆಂಚು ತುಂಬಿತ್ತು. ದಡದಲ್ಲಿ ಪೂಜೆ, ಊರೆಲ್ಲ ನೆರೆದಿತ್ತು. ಹೊಸ ತಂಡೇಲ ಸುಕ್ರ ಖಾರ್ವಿ, ಅವನ ಇಬ್ಬರು ತಮ್ಮಂದಿರು, ಇನ್ನೂ ಎಂಟು ಮಂದಿ, ಹೆಂಡತಿಯರಿಗೆ ಹೋಗಿ ಬರುತ್ತೇವೆ ಅಂತ ಹೇಳಿ ದೋಣಿ ಹತ್ತಿದ್ದರು. ಬಚ್ಚಾಚಾರಿಯೂ ತನ್ನ ಕೆಲಸದ ಹೊಗಳಿಕೆ ಕೇಳುವ ಆಸೆಯಲ್ಲಿ ಹತ್ತಿದ. ಸುಕ್ರ ಕೋಣೆಯ ನೆಲದ ಮೇಲೆ ಅತ್ತಿತ್ತ ನಡೆದು, ಹೊಸ ಹಲಗೆ ಹುಡುಕಿ ಹುಡುಕಿ ಸೋತು ನಕ್ಕ. ಅಡಿಯವರು ಯಾವಾಗ ಬಂದು ನೋಡಿ ಹೋದರು ಅಂತ ಬಚ್ಚಾಚಾರಿ ಅವನನ್ನೇ ಕೇಳಿದ. ಯಾರೂ ಬಂದಿರಲಿಲ್ಲ.

"ಬಚ್ಚಾಚಾರಿ ಕೈ ಬಿದ್ದ ನೆಲ ಮಾರಾಯಾ, ಅದನ್ನ ಕಿತ್ ಕಾಂಬುದ್ ಎಂತಕ್ಕೆ ಅಂತ ಸಾಹುಕಾರ್ರಿಗೆ ನಾನೇ ಅಂದೆ" ಅಂದ ಸುಕ್ರ.

ಆ ಮಾತು ಕೇಳಿ ಬಚ್ಚಾಚಾರಿಯ ಮೈಯೆಲ್ಲ ಉರಿಯಿತು. ತನ್ನ ಹೆಸರನ್ನೇ ಮುಚ್ಚಳ ಮಾಡಿ ಹನ್ನೊಂದು ಜನರನ್ನು ಕಡಲಿಗೆ ಕಳಿಸುತ್ತಿದ್ದಾರೆ! ಅಷ್ಟು ಚೆಂದ ಹೊಂದಿಸಿದ್ದು ಇದಕ್ಕಾ? ಅವನಿಗೆ ಸಾಹುಕಾರನ ಮೇಲೆ ಎಷ್ಟು ಸಿಟ್ಟು ಬಂತೋ ತನ್ನ ಕೈಗಳ ಮೇಲೂ ಅಷ್ಟೇ ಬಂತು. ದೋಣಿಯಲ್ಲೇ ಬಿದ್ದಿದ್ದ ಹಾರೆ ಕೈಗೆತ್ತಿಕೊಂಡ. ಹಾಡುಹಗಲಲ್ಲಿ, ಊರೆದುರೇ, ತಾನೇ ಕೂರಿಸಿದ ನೆಲವನ್ನು ಮೀಟಿ ಮೀಟಿ ಕಿತ್ತ. ಎಂಟು ದಿನ ನಡೆದು ಸವೆಸಿದ ಹಲಗೆ ಎರಡು ಹೋಳಾಯಿತು. ಸದ್ದು ಆಚೆ ದಡಕ್ಕೂ ಕೇಳಿಸಿತು ಅಂತಾರೆ.

ಸಾಹುಕಾರ ಓಡಿ ಬಂದು ಅವನ ತೋಳು ಹಿಡಿದು, ಒಂದು ಸಲ ಹೋಗಿ ಬರಲಿ, ತೊಲೆ ಅಷ್ಟು ತಡೆಯುತ್ತದೆ, ಬಂದ ಮೇಲೆ ನೋಡೋಣ ಅಂತ ಕಿವಿಯಲ್ಲಿ ಪಿಸುಗುಟ್ಟಿದ. ಅಂದರೆ ಗೊತ್ತಿತ್ತು! ಗೊತ್ತಿದ್ದೂ ಕಳಿಸುವವನಿದ್ದ! ಇಂಥವರಿಗೆ ಏನನ್ನಬೇಕು ಹೇಳಿ.

ಬಚ್ಚಾಚಾರಿ ತೋಳು ಕೊಡವಿಕೊಂಡ. ಕೆಳಗೆ ಕೈ ಹಾಕಿ ತೊಲೆಯನ್ನು ಹಿಂಡಿದ. ಒಂದು ಮುಷ್ಟಿ ಕರಿ ಪುಡಿ ಬಂತು. ಅದನ್ನು ದಡಕ್ಕೆ ತಂದು, ಪೂಜೆಯ ತಟ್ಟೆಯಲ್ಲಿ, ಕುಂಕುಮದ ಪಕ್ಕ ಇಟ್ಟ. ಇದನ್ನು ಹಣೆಗೆ ಹಚ್ಚಿಕೊಂಡು ನೀನೂ ಹತ್ತು, ಅವರ ಜೊತೆ ಹೋಗು ಅಂತ ಸಾಹುಕಾರನಿಗೆ ಹೇಳಿದ.

ಸಾಹುಕಾರ ಹತ್ತಲಿಲ್ಲ. ಸುಕ್ರನೂ ಅವನ ಜನರೂ ಒಬ್ಬೊಬ್ಬರಾಗಿ ಇಳಿದು ಬಂದರು. ಮಂಜಿ ದಡಕ್ಕೆ ಕಟ್ಟಿದ್ದಲ್ಲೇ ಉಳಿಯಿತು. ಬಚ್ಚಾಚಾರಿ ಅಂದಿನಿಂದ ಯಾವ ದೋಣಿಗೂ ನೆಲ ಹೊಂದಿಸಿ ಕೊಡಲಿಲ್ಲ. ಕಪ್ಪು ಸಾಗುವಾನಿಯ ನಡುವೆ ಒಂದು ಹಳದಿ ಹಲಸಿನ ಹಲಗೆ ಇಟ್ಟು, ಅದಕ್ಕೆ ಮೊಳೆಯನ್ನೇ ಹೊಡೆಯದೆ ಬಿಡುತ್ತಿದ್ದ. ಚೆಂದ ಕಾಣುವುದಿಲ್ಲ ಅಂದವರಿಗೆ ಬೈದು ಕಳಿಸುತ್ತಿದ್ದ.

ಬೇಲೆಕೋಡಿಯಲ್ಲಿ ಇವತ್ತಿಗೂ ಹಾಗೇ. ದೋಣಿ ಹೊರಡುವ ಮುಂಚೆ ಒಡೆಯನೇ ಮಂಡಿಯೂರಿ ಆ ಹಲಗೆ ಎತ್ತಬೇಕು, ಕೆಳಗೆ ಕೈ ಹಾಕಿ ತೊಲೆ ಹಿಂಡಬೇಕು, ಆಮೇಲೆ ದಡದಲ್ಲಿ ನಿಂತ ಹೆಂಗಸರಿಗೆ ಅಂಗೈ ಬಿಚ್ಚಿ ತೋರಿಸಬೇಕು. ಅವರು ಆ ಅಂಗೈಯನ್ನು ಚೆನ್ನಾಗಿ ನೋಡಿ ಸರಿ ಅಂದ ಮೇಲೆಯೇ ಗಂಡಸರು ದೋಣಿಗೆ ಕಾಲಿಡುತ್ತಾರೆ.