ಬಾರದ ಹಡಗಿನ ಲೆಕ್ಕ

ಶಿಷ್ಯನು ಗುರುಗಳನ್ನು ಕೇಳಿದನು: "ಬರಬಹುದಾದ ನಷ್ಟವನ್ನು ಇಂದೇ ಬರೆದು, ಬರಲಿರುವ ಲಾಭವನ್ನು ಕೈಸೇರುವವರೆಗೂ ಬರೆಯದ ಕರಣಿಕನದು ಸುಳ್ಳು ಲೆಕ್ಕವಲ್ಲವೇ?"

ಗುರುಗಳು ಹೇಳಿದರು:

ಒಬ್ಬ ವರ್ತಕನಿದ್ದನು. ಸ್ವಂತ ಹಣದಿಂದ ಮೆಣಸಿನ ವ್ಯಾಪಾರ ಮಾಡುತ್ತಿದ್ದಷ್ಟು ಕಾಲ ಅವನು ಹೇಳಿದಂತೆ ಅವನ ಕರಣಿಕನು ಲೆಕ್ಕ ಬರೆದನು. ಹಡಗು ದಡ ಬಿಟ್ಟ ದಿನವೇ ಲಾಭ ಪುಸ್ತಕಕ್ಕೆ ಏರುತ್ತಿತ್ತು. ಮುಂದೆ ವ್ಯಾಪಾರ ಬೆಳೆದು, ಪಟ್ಟಣದ ನಲವತ್ತು ಮನೆಯವರು ಪಾಲು ಹಾಕಿದರು. ನೂಲು ತೆಗೆದು ಬದುಕುವ ಒಬ್ಬ ವಿಧವೆಯೂ ಅವರಲ್ಲಿದ್ದಳು. ಪುಸ್ತಕದಲ್ಲಿ ಬರೆದ ಲಾಭದ ಹತ್ತರಲ್ಲಿ ಒಂದು ಭಾಗ ವರ್ತಕನಿಗೆ, ಉಳಿದದ್ದು ಪಾಲುದಾರರಿಗೆ ಎಂದು ಮಾತಾಯಿತು.

ಆ ವರ್ಷ ದೂರದ ಬಂದರಿನಲ್ಲಿ ಮೆಣಸಿನ ಬೆಲೆ ಎರಡರಷ್ಟಾಗಿದೆ ಎಂದು ಸುದ್ದಿ ಬಂತು. ಲಾಭ ಬರೆದುಬಿಡಿ, ಸದ್ಯಕ್ಕೆ ಸಾಲ ತಂದು ಹಂಚೋಣ ಎಂದನು ವರ್ತಕ. ಆದರೆ ಹಡಗು ಮರಳಬೇಕಾದ ದಿನ ಕಳೆದು ತಿಂಗಳಾಗಿತ್ತು. ಕರಣಿಕನು ಲಾಭ ಬರೆಯಲಿಲ್ಲ. ಹಡಗಿನ ಸರಕನ್ನೆಲ್ಲ ನಷ್ಟವೆಂದು ಬರೆದನು.

"ಇಷ್ಟು ವರ್ಷ ಇಲ್ಲದ ಹೆದರಿಕೆ ಈಗೇಕೆ?" ಎಂದು ವರ್ತಕ ಕೇಳಿದನು.

"ಆಗ ಹಣ ನಿಮ್ಮದು, ಹಡಗಿನ ಸಂಗತಿ ನಿಮಗೆ ಗೊತ್ತಿತ್ತು. ಈ ನಲವತ್ತು ಮನೆಯವರಿಗೆ ಕಾಣುವುದು ನನ್ನ ಪುಸ್ತಕ ಮಾತ್ರ. ಲಾಭ ಬರೆದರೆ ನಿಮ್ಮ ಭಾಗ ನಿಮಗೆ ಇಂದೇ ಸಿಗುತ್ತದೆ. ಹಡಗು ಬಾರದಿದ್ದರೆ ಸಾಲ ಅವರ ತಲೆಗೆ ಬರುತ್ತದೆ."

ಪಾಲುದಾರರು ಮುನಿದರು. ಕೆಲವರು ಕರಣಿಕನೊಡನೆ ಮಾತು ಬಿಟ್ಟರು. ವಿಧವೆ ಮಾತ್ರ ಅವನ ಬಳಿಗೆ ಹೋಗಿ ವಿಚಾರಿಸಿದಳು. ಪಾಲಿನ ಹಣದ ಭರವಸೆಯಲ್ಲಿ ಮನೆಯನ್ನು ಅಡವಿಟ್ಟು ಮಗಳ ಮದುವೆ ಮಾಡಲು ಅವಳು ಹೊರಟಿದ್ದಳು. ಅವನು ಇದ್ದದ್ದನ್ನು ಇದ್ದಂತೆ ಹೇಳಿದನು. ಅವಳು ಬೀಗರ ಕಾಲು ಹಿಡಿದು ಮದುವೆಯನ್ನು ಮುಂದಕ್ಕೆ ಹಾಕಿಸಿದಳು. ಐದು ತಿಂಗಳು ಅವಳಿಗೆ ಅನ್ನ ಸೇರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಹಡಗು ಬಂತು. ಸರಕನ್ನೆಲ್ಲ ಮಾರಿ ಮರಳುವಾಗ ಬಿರುಗಾಳಿಗೆ ಸಿಕ್ಕಿ, ಒಂದು ದ್ವೀಪದಲ್ಲಿ ದುರಸ್ತಿಗೆ ನಿಂತಿತ್ತು. ಹಣ ಎಣಿಸಿ ಮುಗಿದ ಮೇಲೆ ಕರಣಿಕನು ಲಾಭ ಬರೆದನು. ವಿಧವೆಯ ಮಗಳ ಮದುವೆ ಅದೇ ತಿಂಗಳು, ಅಡವಿಡದ ಮನೆಯ ಅಂಗಳದಲ್ಲಿ ನಡೆಯಿತು.

ಶಿಷ್ಯನು ಹೇಳಿದನು: "ಹಾಗಾದರೆ ಹಡಗು ಮುಳುಗಿರಲಿಲ್ಲ. ಕರಣಿಕನ ಲೆಕ್ಕ ತಪ್ಪಾಯಿತಲ್ಲವೇ?"

"ತಪ್ಪಾಯಿತು," ಎಂದರು ಗುರುಗಳು. "ಆ ತಪ್ಪು ಗೊತ್ತಾದ ದಿನ ನಲವತ್ತು ಮನೆಯಲ್ಲೂ ಸಿಹಿ ಮಾಡಿದರು."