ಐದು ಮನೆಯ ಮೀಟರ್

“ಗುರುಗಳೇ, ತನ್ನ ವಿಷಯದಲ್ಲಿ ಸುಳ್ಳು ಹೇಳಿದವನನ್ನು ಮಠದಲ್ಲಿ ಇಟ್ಟುಕೊಳ್ಳಬಹುದೇ?” ಎಂದು ಶಿಷ್ಯ ಕೇಳಿದ.

ಗುರು ಆಗಷ್ಟೇ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟಿದ್ದರು. ಮಜ್ಜಿಗೆ ತಂದುಕೊಟ್ಟವನು ಹೊಸ ಅಡುಗೆಯವನು. ಅವನು ಬಂದಾಗ ಗುರು ಎದ್ದು ನಿಂತು ಲೋಟ ತೆಗೆದುಕೊಂಡಿದ್ದರು. ಬೆಳಗಿನಿಂದ ಕೂತು ಕೂತು ಕಾಲು ಜೋಮು ಹಿಡಿದಿರಬೇಕು ಎಂದು ಶಿಷ್ಯ ಅಂದುಕೊಂಡಿದ್ದ.

“ಯಾರು ಸುಳ್ಳು ಹೇಳಿದವನು?”

“ಈಗ ಲೋಟ ಕೊಟ್ಟು ಹೋದನಲ್ಲ, ಅವನೇ. ಬಂದ ದಿನ ಏನೆಂದ? ತನಗೆ ಓದು ಬಾರದು, ಶಾಸ್ತ್ರ ಬಾರದು, ಅನ್ನ ಬೇಯಿಸಲು ಮಾತ್ರ ಬರುತ್ತದೆ ಎಂದ. ನಿನ್ನೆ ನಾನು ಅಡುಗೆಮನೆಯ ಜಗಲಿಯಲ್ಲಿ ಪಾಠ ಹೇಳಿಕೊಳ್ಳುತ್ತಿದ್ದೆ. ಒಂದು ಕಡೆ ತಡವರಿಸಿದೆ. ಒಲೆ ಊದುತ್ತಿದ್ದವನು ತಲೆಯೆತ್ತದೆ ಮುಂದಿನ ಸಾಲು ಹೇಳಿದ. ಅದರ ಮುಂದಿನದನ್ನೂ ಹೇಳಿದ. ಎಲ್ಲಿ ಕಲಿತೆ ಎಂದರೆ, ಏನೋಪ್ಪ, ಬಾಯಿಗೆ ಬಂತು ಎನ್ನುತ್ತಾನೆ. ಹನ್ನೊಂದು ವರ್ಷ ಕಲಿತ ನನ್ನ ಬಾಯಿಗೆ ಬಾರದ್ದು ಅವನ ಬಾಯಿಗೆ ಹೇಗೆ ಬಂತು? ಏನನ್ನೋ ಬಚ್ಚಿಟ್ಟಿದ್ದಾನೆ. ಇಂದೇ ಕಳಿಸಿಬಿಡಿ.”

“ಒಂದು ಕತೆ ಇದೆ. ಕೇಳು. ಆಮೇಲೆ ನೀನೇ ಹೋಗಿ ಕಳಿಸು,” ಎಂದರು ಗುರು. “ಒಬ್ಬ ಮೀನು ಮಾರುವವನಿದ್ದ.”

ಮಠದೊಳಗೆ ಮೀನೇ ಎಂದು ಶಿಷ್ಯನ ಹುಬ್ಬು ಮೇಲೆ ಹೋಯಿತು. ಗುರು ಅದನ್ನು ನೋಡಿಯೂ ನೋಡದವರಂತೆ ಮುಂದುವರಿಸಿದರು.

ಆ ಮೀನಿನವನು ಬೆಳಿಗ್ಗೆ ಸಮುದ್ರದ ದಡದಲ್ಲಿ ಮೀನು ಕೊಂಡು, ಐಸು ಹಾಕಿ, ಘಾಟಿ ಹತ್ತಿ ಮೇಲಿನ ಹಳ್ಳಿಗಳಲ್ಲಿ ಮಾರುತ್ತಿದ್ದ. ಹೋಗುತ್ತಿದ್ದುದು ಬಸ್ಸಿನಲ್ಲಿ. ಕಂಡಕ್ಟರ್ ನಾಲ್ಕು ದಿನ ಹತ್ತಿಸಿಕೊಂಡರೆ ಎರಡು ದಿನ ಮೂಗು ಮುಚ್ಚಿಕೊಂಡು ಸೀಟಿ ಊದಿಬಿಡುತ್ತಿದ್ದ. ಆ ದಿನದ ಮೀನು ದಡದಲ್ಲೇ ಹಾಳು. ಮನೆಯಲ್ಲಿ ಐದು ಬಾಯಿ. ಹಾಗಾಗಿ ಅವನು ಹಳೆಯದೊಂದು ಮೋಟಾರ್ ಸೈಕಲ್ ಕೊಳ್ಳಲು ಹೊರಟ.

ಪೇಟೆಯಲ್ಲಿ ಒಬ್ಬ ಮುದುಕನಿದ್ದ. ಮಕ್ಕಳಿಗೆ ಲಸಿಕೆ ಹಾಕುವ ಸರಕಾರಿ ಕೆಲಸ ಮಾಡಿ ನಿವೃತ್ತನಾದವನು. ಡಾಕ್ಟರಲ್ಲದಿದ್ದರೂ ಊರವರು ಅವನನ್ನು ಡಾಕ್ಟ್ರೇ ಎಂದೇ ಕರೆಯುತ್ತಿದ್ದರು. ಅವನ ಗಾಡಿ ಮಾರಾಟಕ್ಕಿತ್ತು. ಹಿಂಬದಿಯಲ್ಲಿ ಪೆಟ್ಟಿಗೆ ಕೂರಿಸಲು ಕಬ್ಬಿಣದ ಚೌಕಟ್ಟು ಮೊದಲೇ ಇತ್ತು. ಮೀನಿನವನಿಗೆ ಅದು ಹಿಡಿಸಿತು.

“ಎಷ್ಟು ಓಡಿದೆ ಡಾಕ್ಟ್ರೇ?”

“ಮೀಟರಿನಲ್ಲಿ ಕಾಣುತ್ತದಲ್ಲ.”

ಮೀಟರಿನಲ್ಲಿ ಹದಿನೆಂಟು ಸಾವಿರ ಇತ್ತು.

“ಎಷ್ಟು ವರ್ಷ ಆಯಿತು?”

“ಇಪ್ಪತ್ತೆರಡು. ನನ್ನೊಬ್ಬನ ಕೈಯಲ್ಲೇ ಇತ್ತು.”

“ನಡುದಾರಿಯಲ್ಲಿ ನಿಲ್ಲುತ್ತದೆಯೇ?”

“ಇದುವರೆಗೆ ನಿಂತಿಲ್ಲ.”

ಮುದುಕ ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ. ಸರಕಾರಿ ಕೆಲಸದವನು, ಕುರ್ಚಿ ಬಿಟ್ಟು ಎಷ್ಟು ಓಡಾಡಿಯಾನು, ಗಾಡಿ ಕೊಟ್ಟಿಗೆಯಲ್ಲಿ ನಿಂತೇ ಹಳತಾಗಿದೆ ಎಂದು ಮೀನಿನವನು ಲೆಕ್ಕ ಹಾಕಿದ. ಗಾಡಿ ಕೊಂಡ.

ಎರಡು ವಾರ ಗಾಡಿ ನೀರು ಕುಡಿದಷ್ಟು ಸಲೀಸಾಗಿ ಘಾಟಿ ಹತ್ತಿತು. ಬಿಸಿಲೇರುವ ಮೊದಲೇ ಅವನು ಮೇಲಿರುತ್ತಿದ್ದ. ಪೆಟ್ಟಿಗೆಯಲ್ಲಿ ಐಸು ಇನ್ನೂ ಇರುತ್ತಿತ್ತು.

ಮೂರನೆಯ ವಾರ, ದಡದಲ್ಲಿ ಅವನ ಜೊತೆ ವ್ಯಾಪಾರ ಮಾಡುವವನೊಬ್ಬ ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

“ಮಾರಾಯ, ಈ ಬ್ರೇಕಿನ ಪೆಡಲ್ ನೋಡಿದೆಯಾ? ಗೆರೆಗಳೆಲ್ಲ ಸವೆದು ಕನ್ನಡಿಯಾಗಿದೆ. ಮುಖ ನೋಡಿಕೊಂಡು ಮೀಸೆ ತಿದ್ದಬಹುದು. ಹದಿನೆಂಟು ಸಾವಿರಕ್ಕೆ ಕಬ್ಬಿಣ ಹೀಗೆ ಸವೆಯುತ್ತದೆಯೇ? ಮುದುಕ ಮೀಟರ್ ಹಿಂದಕ್ಕೆ ತಿರುಗಿಸಿ ನಿನ್ನ ತಲೆಗೆ ಕಟ್ಟಿದ್ದಾನೆ. ಘಾಟಿಯ ನಟ್ಟನಡುವೆ ಕೈಕೊಡುವುದು ಗ್ಯಾರಂಟಿ. ಆಗ ಅಲ್ಲೇ ಕೂತು ಮಂಗಗಳಿಗೆ ಬಂಗುಡೆ ಮಾರು.”

ಸುತ್ತಲಿದ್ದವರು ನಕ್ಕರು. ಮೀನಿನವನು ನಗಲಿಲ್ಲ. ನಿನ್ನೆಯ ಮೀನನ್ನು ಇವತ್ತಿನದು ಎಂದು ಅವನೂ ಎಷ್ಟೋ ಸಲ ಕೊಟ್ಟಿದ್ದ. ಹಾಗಾಗಿ ಮುದುಕನ ಮೇಲಿನ ಅನುಮಾನ ಅವನೊಳಗೆ ಸುಲಭವಾಗಿ ಇಳಿಯಿತು.

ಮಾರನೆಯ ದಿನದಿಂದ ಗಾಡಿಯಲ್ಲಿ ಅವನಿಗೆ ಸದ್ದು ಕೇಳತೊಡಗಿತು. ಒಂದು ತಿರುವಿನಲ್ಲಿ ಕಟಕಟ. ಇನ್ನೊಂದರಲ್ಲಿ ಗರಗರ. ಅವನು ಇಳಿದು, ಕಿವಿಗೊಟ್ಟು, ಏನೂ ಕೇಳದೆ ಮತ್ತೆ ಹತ್ತುತ್ತಿದ್ದ. ಮುಂದಿನ ತಿರುವಿನಲ್ಲಿ ಮತ್ತೆ ಇಳಿಯುತ್ತಿದ್ದ. ಘಾಟಿಯಲ್ಲಿ ಇಪ್ಪತ್ತೇಳು ತಿರುವುಗಳಿದ್ದವು. ಗಾಡಿ ಒಂದು ಸಲವೂ ತಾನಾಗಿ ನಿಲ್ಲಲಿಲ್ಲ. ಪ್ರತಿಸಲವೂ ನಿಲ್ಲಿಸಿದವನು ಅವನೇ. ಮೇಲೆ ಮುಟ್ಟುವಾಗ ಐಸು ನೀರಾಗಿರುತ್ತಿತ್ತು.

ಒಬ್ಬ ಹೆಂಗಸು ಬಂಗುಡೆಯ ಕಿವಿರು ಎತ್ತಿ ನೋಡಿ ತಟ್ಟನೆ ವಾಪಸು ಹಾಕಿದಳು.

“ಇದು ಇವತ್ತಿನದಲ್ಲ.”

“ಇವತ್ತಿನದೇ ಅಕ್ಕ. ಆಣೆ ಮಾಡಿ ಹೇಳುತ್ತೇನೆ.”

“ನಿನ್ನ ಬಾಯಿಯನ್ನು ನಂಬಲೋ, ಕಿವಿರನ್ನು ನಂಬಲೋ?”

ಆ ದಿನ ಅವನು ನಿಜವನ್ನೇ ಹೇಳಿದ್ದ. ಯಾರೂ ಕೊಳ್ಳಲಿಲ್ಲ. ಮರುದಿನವೂ ಅದೇ ಕತೆ. ಮೂರನೆಯ ದಿನ ಒಂದು ಪೆಟ್ಟಿಗೆ ಮೀನನ್ನು ಘಾಟಿಯ ಬದಿಗೆ ಸುರಿದು ಬಂದ. ಇನ್ನು ನಾಲ್ಕು ದಿನ ಹೀಗಾದರೆ ಮೇಲಿನ ಹಳ್ಳಿಗಳು ಅವನ ಕೈ ತಪ್ಪುತ್ತಿದ್ದವು. ಅವನಿಗೆ ತಡೆಯಲಾಗಲಿಲ್ಲ. ಗಾಡಿಯನ್ನು ನೇರವಾಗಿ ಮುದುಕನ ಅಂಗಳಕ್ಕೆ ಬಿಟ್ಟ. ಅಕ್ಕಪಕ್ಕದವರು ಹೊರಗೆ ಬರುವ ಹಾಗೆ ಕೂಗಿದ.

“ಮೀಟರ್ ತಿರುಗಿಸಿ ಮಾರಿದಿರಲ್ಲ ಡಾಕ್ಟ್ರೇ, ಈ ವಯಸ್ಸಿನಲ್ಲಿ ನಿಮಗೆ ಇದು ಬೇಕಿತ್ತೇ? ಮಕ್ಕಳಿಗೆ ಹಾಕಿದ್ದಾದರೂ ಔಷಧಿಯೋ, ಬರೀ ನೀರೋ?”

ಮುದುಕನ ಮುಖ ಕಪ್ಪಿಟ್ಟಿತು. ಆದರೆ ದನಿ ಏರಲಿಲ್ಲ.

“ಮೀಟರನ್ನು ನಾನು ಮುಟ್ಟಿಲ್ಲ. ನಡೆ, ಎಂಜಿನ್ ಬಿಚ್ಚಿಸೋಣ. ನನ್ನದು ತಪ್ಪು ಎಂದು ಕಂಡರೆ ಗಾಡಿ ನನ್ನ ಅಂಗಳದಲ್ಲಿ ಬಿಡು, ನೀನು ಕೊಟ್ಟದ್ದೆಲ್ಲ ವಾಪಸು.”

“ನೀವು ಬರುವುದು ಬೇಡ. ನೀವು ಬಂದರೆ ಮೆಕ್ಯಾನಿಕ್‌ಗೆ ಕಣ್ಣು ಹೊಡೆಯುತ್ತೀರಿ,” ಎಂದು ಮೀನಿನವನು ಒಬ್ಬನೇ ಹೋದ.

ಆ ಪೇಟೆಯ ಮೆಕ್ಯಾನಿಕ್‌ಗಳಲ್ಲಿ ಒಂದು ರೂಢಿ ಇತ್ತು. ಎಂಜಿನ್ನಿನ ಪಕ್ಕದ ಮುಚ್ಚಳ ತೆರೆದವನು, ಅದನ್ನು ಮತ್ತೆ ಮುಚ್ಚುವ ಮೊದಲು, ಆ ದಿನದ ಮೀಟರಿನ ಅಂಕಿಯನ್ನು ಮುಚ್ಚಳದ ಒಳಮೈಯಲ್ಲಿ ಮೊಳೆಯಿಂದ ಗೀಚುತ್ತಿದ್ದ. ಮುಂದೆ ತೆರೆಯುವವನಿಗೆ ಗೊತ್ತಾಗಲಿ ಎಂದು. ಗಾಡಿಯವರಿಗೆ ಇದನ್ನು ಹೇಳುವ ಪದ್ಧತಿ ಇರಲಿಲ್ಲ.

ಮೀನಿನವನು ಹೋದದ್ದು ಎಲ್ಲರಿಗಿಂತ ಹಳೆಯ ಮೆಕ್ಯಾನಿಕ್ ಬಳಿಗೆ. ಅವನ ಮಂಡಿಗಳು ಹೋಗಿದ್ದವು. ದಿನವಿಡೀ ಒಂದು ಗಿಡ್ಡ ಮಣೆಯ ಮೇಲೆ ಕೂತೇ ಕೆಲಸ ಮಾಡುತ್ತಿದ್ದ. ಜೀಪಿನಲ್ಲಿ ಸಾಹೇಬರು ಬಂದರೂ ಅವನು ಎದ್ದದ್ದಿಲ್ಲ, ಕೂತಲ್ಲಿಂದಲೇ ಸ್ಪಾನರ್ ಎತ್ತಿ ನಮಸ್ಕಾರ ಹೇಳುತ್ತಿದ್ದ.

ಮೆಕ್ಯಾನಿಕ್ ಮುಚ್ಚಳ ಬಿಚ್ಚಿ, ಎಣ್ಣೆ ಒರೆಸಿ, ಬೆಳಕಿಗೆ ಹಿಡಿದ. ಒಳಗೆ ಇರುವೆ ಸಾಲಿನಂತೆ ಸಣ್ಣ ಅಂಕಿಗಳಿದ್ದವು. ಅವನು ಮೇಲಿನಿಂದ ಓದತೊಡಗಿದ.

“ಒಂಬತ್ತು ಸಾವಿರ. ಹತ್ತೊಂಬತ್ತು. ಇಪ್ಪತ್ತೆಂಟು. ಮೂವತ್ತೊಂಬತ್ತು…”

ಮೀನಿನವನು ಮುಂದಕ್ಕೆ ಬಾಗಿದ. ಮೀಟರಿನಲ್ಲಿರುವುದು ಹದಿನೆಂಟು, ಇಲ್ಲಿ ಮೂವತ್ತೊಂಬತ್ತು. ಕಳ್ಳತನ ಸಿಕ್ಕಿತು.

“…ಎಂಬತ್ತೆಂಟು. ತೊಂಬತ್ತೆಂಟು. ಎಂಟು.”

“ಎಂಟೇ? ಅಗೋ ನೋಡಿ! ಅಲ್ಲೇ ತಿರುಗಿಸಿದ್ದಾನೆ ಮುದುಕ!”

“ಸುಮ್ಮನಿರಪ್ಪ,” ಎಂದ ಮೆಕ್ಯಾನಿಕ್. “ಈ ಮೀಟರಿನಲ್ಲಿ ಅಂಕಿ ಕೂರಲು ಇರುವುದು ಐದೇ ಮನೆ. ಐದರಲ್ಲೂ ಒಂಬತ್ತು ತುಂಬಿದ ಮೇಲೆ ಅದಕ್ಕೆ ಮುಂದೆ ಹೋಗಲು ಜಾಗವಿಲ್ಲ. ತಾನಾಗಿ ಸೊನ್ನೆಗೆ ಬರುತ್ತದೆ. ಯಾರೂ ತಿರುಗಿಸಬೇಕಾಗಿಲ್ಲ.”

ಅವನು ಮತ್ತೆ ಓದಿದ. ಹದಿನೆಂಟು. ಇಪ್ಪತ್ತೆಂಟು. ಅಂಕಿಗಳು ಪುನಃ ಏರುತ್ತ ಹೋದವು. ಓದುವವನ ದನಿ ಇಳಿಯುತ್ತ ಹೋಯಿತು. ಎಂಬತ್ತೆಂಟು. ತೊಂಬತ್ತೇಳು. ಅಲ್ಲಿಗೆ ಅವನು ಓದು ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡ.

“ಏಳು,” ಎಂದ. “ಕೊನೆಯದು ಹದಿನೇಳು.”

ಮೀನಿನವನು ಬೆರಳು ಮಡಿಸಿದ. ಎರಡು ಸಲ ಲಕ್ಷ ತುಂಬಿ, ಅದರ ಮೇಲೆ ಹದಿನೆಂಟು ಸಾವಿರ.

“ಇಪ್ಪತ್ತೆರಡು ಗೀಟು, ಇಪ್ಪತ್ತೆರಡು ವರ್ಷ,” ಎಂದ ಮೆಕ್ಯಾನಿಕ್. “ವರ್ಷಕ್ಕೊಂದು ಸಲ ತಪ್ಪದೆ ತೆರೆಸಿದ್ದಾನೆ. ಇದರಲ್ಲಿ ಆರು ಗೀಟು ನಮ್ಮಪ್ಪನ ಕೈಯವು.”

ಅವನು ಎಂಜಿನ್ನಿನ ಒಳಗೆ ಬೆರಳಿಟ್ಟು ಸವರಿದ. ಬೆರಳನ್ನು ಹೊರತೆಗೆದು ನೋಡಿದ. ಎಣ್ಣೆಯಲ್ಲಿ ಸವೆದ ಲೋಹದ ಪುಡಿ ಚೂರೂ ಇರಲಿಲ್ಲ.

“ಇನ್ನೆಷ್ಟು ಓಡುತ್ತದೆ?” ಮೀನಿನವನು ಕೇಳಿದ.

“ಅದನ್ನು ನನ್ನ ಕೇಳಬೇಡ. ಇಷ್ಟು ಓಡಿ ಬಂದದ್ದನ್ನು ನಾನು ನೋಡುತ್ತಿರುವುದೇ ಇದು ಮೊದಲು.”

ಹಾಗೆಂದವನು ಎರಡೂ ಕೈಗಳನ್ನು ನೆಲಕ್ಕೆ ಊರಿ, ಮುಖ ಹಿಂಡಿಕೊಂಡು, ಮಣೆಯಿಂದ ಎದ್ದ. ಹದಿನೇಳು ಸಾವಿರದ ಕೆಳಗೆ ಇವತ್ತಿನ ಅಂಕಿ ಗೀಚಿದ. ಮುಚ್ಚಳ ಹಾಕಿದ. ಕೊನೆಯ ತಿರುಪು ಬಿಗಿಯುವವರೆಗೂ ಅವನು ಕೂರಲಿಲ್ಲ. ಮೀನಿನವನು ತನಗೆ ಗೊತ್ತಿಲ್ಲದೆಯೇ ತಲೆಗೆ ಸುತ್ತಿದ್ದ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

ಅವನು ಗಾಡಿಯನ್ನು ಹತ್ತಲಿಲ್ಲ. ಮುದುಕನ ಮನೆಯವರೆಗೆ ತಳ್ಳಿಕೊಂಡು ಹೋದ. ಮುದುಕ ಅಂಗಳದಲ್ಲೇ ನಿಂತಿದ್ದ.

“ತಪ್ಪಾಯಿತು ಡಾಕ್ಟ್ರೇ. ನಾಲ್ಕು ಜನರ ಮುಂದೆ ಬೈದೆ, ಅದೇ ನಾಲ್ಕು ಜನರ ಮುಂದೆ ಹೇಳುತ್ತೇನೆ, ತಪ್ಪಾಯಿತು. ಆದರೆ ಗಾಡಿ ಎರಡು ಲಕ್ಷ ದಾಟಿದೆ. ಅದನ್ನು ಯಾಕೆ ಹೇಳಲಿಲ್ಲ?”

“ಎರಡು ಲಕ್ಷವೇ?” ಮುದುಕ ಗಾಡಿಯನ್ನು ಮೊದಲ ಸಲ ಕಾಣುವವನಂತೆ ನೋಡಿದ. “ನಾನು ಮೀಟರ್ ನೋಡಿದವನಲ್ಲಪ್ಪ. ಹಿಂದೆ ಪೆಟ್ಟಿಗೆಯಲ್ಲಿ ಲಸಿಕೆ. ಘಾಟಿಯ ಮೇಲಿನ ಕೊನೆಯ ಮನೆ ಮುಟ್ಟುವವರೆಗೆ ಐಸು ಉಳಿದಿದೆಯೇ ಎಂದು ಅದನ್ನೇ ನೋಡುತ್ತಿದ್ದೆ.”

ಮಾರನೆಯ ದಿನ ಮೀನಿನವನು ಇಪ್ಪತ್ತೇಳು ತಿರುವುಗಳಲ್ಲಿ ಒಂದರಲ್ಲೂ ಇಳಿಯಲಿಲ್ಲ. ಮೇಲಿನ ಹಳ್ಳಿಯಲ್ಲಿ ಹಾರನ್ ಒತ್ತಿದ. ಹೆಂಗಸರು ತಟ್ಟೆ ಹಿಡಿದು ಬಂದರು. ಮೊನ್ನೆ ಬಂಗುಡೆ ವಾಪಸು ಹಾಕಿದವಳು ಕಿವಿರು ಎತ್ತಿ ನೋಡಿ ತಟ್ಟೆ ಚಾಚಿದಳು. ಅವಳ ಎಡ ತೋಳಿನ ಮೇಲೆ ಚುಚ್ಚುಮದ್ದಿನ ಸಣ್ಣ ದುಂಡು ಕಲೆ ಇತ್ತು. ಪಕ್ಕದವಳ ತೋಳಿನಲ್ಲೂ ಇತ್ತು. ಅವಳ ಸೊಂಟದ ಮೇಲಿದ್ದ ಮಗುವಿನ ತೋಳಿನಲ್ಲೂ ಇತ್ತು. ಎಷ್ಟೋ ದಿನ ಆ ಕೈಗಳಿಗೆ ಮೀನು ಕೊಟ್ಟಿದ್ದ. ಒಂದು ದಿನವೂ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅವನು ಮೀನು ತೂಗುವುದನ್ನು ಮರೆತು ನಿಂತ.

“ಏನಣ್ಣ, ತಕ್ಕಡಿ ಹಿಡಿದು ಜಪ ಮಾಡುತ್ತಿದ್ದೀಯಾ?” ಎಂದು ಅವಳು ರೇಗಿಸಿದಳು.

ಗುರು ಕತೆ ಮುಗಿಸಿದರು.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಶಿಷ್ಯ ಆ ಕಡೆ ನೋಡಿದ.

“ಹಾಗಾದರೆ ಅವನು ತನಗೇನೂ ಬಾರದು ಎಂದದ್ದು ಸುಳ್ಳಲ್ಲ ಎನ್ನುತ್ತೀರಾ ಗುರುಗಳೇ?”

ಗುರು ಖಾಲಿ ಲೋಟವನ್ನು ಎತ್ತಿ ಶಿಷ್ಯನ ಕೈಗೆ ಕೊಟ್ಟರು.

“ಅವನು ಮಜ್ಜಿಗೆ ತಂದಾಗ ನನ್ನ ಕಾಲು ಜೋಮು ಹಿಡಿದಿತ್ತು ಎಂದುಕೊಂಡೆಯಾ?”